ತಾತಗುಣಿಯ ಕೆಂಪು

ರಷ್ಯದಲ್ಲಿ 1904ರಲ್ಲಿ ಜನಿಸಿದ ಕಲಾವಿದ ಸ್ವೆಟೊಸ್ಲಾವ್ ರೋರಿಕ್ ಅವರ ಕೃತಿಗಳನ್ನು ನಾನು ಮೊದಲು ಕಂಡದ್ದು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ. ಹಿಮಾಲಯದ ನೀಲಿಯ ಪಕ್ಕದಲ್ಲೇ ದಕ್ಷಿಣದ ಕೆಂಪು. ಆ ಕೆಂಪಿನ ಮೂಲ ನನಗೆ ತಿಳಿದದ್ದು ಕನಕಪುರದ ಹಾದಿಯ ತಾತಗುಣಿಯಲ್ಲಿ. ಪತ್ನಿ, ಚಿತ್ರನಟಿ ದೇವಿಕಾರಾಣಿಯವರೊಡನೆ ಅವರು ಬಾಳಿದ್ದು ಅಲ್ಲಿಯೇ. ಸುಗಂಧತೈಲ ಕೊಡುವ ಲಿನಾಲೊ ಮರಗಳನ್ನು ಬೆಳೆಸಿದ್ದೂ ಅಲ್ಲಿಯೇ.

1993ರಲ್ಲಿ ಅವರೂ 1994ರಲ್ಲಿ ದೇವಿಕಾರಾಣಿಯವರೂ ತೀರಿಕೊಂಡರು. ಮಕ್ಕಳಿರಲಿಲ್ಲ, ಎಸ್ಟೇಟಿನ ವ್ಯಾಜ್ಯ ನ್ಯಾಯಾಲಯವೇರಿತು. ಸರಕಾರದ ಸ್ವಾಧೀನವನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದದ್ದು 2011ರಲ್ಲಿ.

ಚಿತ್ರವನ್ನು ಗೋಡೆಗೆ ತೂಗಿ ಉಳಿಸಬಹುದು. ಅದಕ್ಕೆ ಬಣ್ಣವಿತ್ತ ನೆಲ ಉಳಿಯಬೇಕಾದರೆ ಮನೆ, ಮರ, ಮಣ್ಣು ಮೂರನ್ನೂ ಒಟ್ಟಾಗಿ ಕಾಯಬೇಕು. ಆ ಹೊಣೆ ಈಗ ನಮ್ಮೆಲ್ಲರದು.