ನಾಲ್ಕು ಕಿಲೋ ಲೆನ್ಸ್, ಅರ್ಧ ಇಂಚಿನ ಹಲಗೆ

ಕಂಪ್ಲಿ ಹತ್ತಿರದ ಮೆಟ್ರಿಯಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಬಾಗಿಲು ಮುಚ್ಚಿದ ಹಳೆಯ ಸ್ಟುಡಿಯೊ ಒಂದರಿಂದ ಅವರಿಗೆ ಹಿತ್ತಾಳೆಯ ಪೋರ್ಟ್ರೇಟ್ ಲೆನ್ಸ್ ಸಿಕ್ಕಿದೆ. ತೂಗಿದರೆ ನಾಲ್ಕು ಕಿಲೋ. ಎಂಟು–ಹತ್ತು ಇಂಚಿನ ಮರದ ಕ್ಯಾಮೆರಾಕ್ಕೆ ಕೂರಿಸಿದರೆ ಕ್ಯಾಮೆರಾದ ಮುಂಭಾಗ ತಲೆ ತಗ್ಗಿಸುತ್ತದಂತೆ. ಅವರ ಪ್ರಶ್ನೆ ಎರಡು: ಇದನ್ನು ಗಟ್ಟಿಯಾಗಿ ಕೂರಿಸುವುದು ಹೇಗೆ? ಗ್ರೀನ್‌ಲಾ ಸಾಹೇಬ ಹಂಪಿಯಲ್ಲಿ ತೆಗೆದಂಥ ಚಿತ್ರ ಇದರಲ್ಲಿ ಬಂದೀತೇ?

ಎರಡನೆಯದಕ್ಕೆ ಉತ್ತರ ಸುಲಭ. ಬರುವುದಿಲ್ಲ. ಮದ್ರಾಸ್ ಸೇನೆಯ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯನ್ನು ಚಿತ್ರಿಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ. ಒಂದೊಂದೂ ಸುಮಾರು ಹದಿನಾರು–ಹದಿನೆಂಟು ಇಂಚು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರವಿತ್ತು ಎನ್ನುವುದು ಆತನ ಚಿತ್ರದಲ್ಲಿ ನಮ್ಮ ಕಣ್ಣಿಗೆ ಕಾಣುತ್ತದೆ. ಈಗಿನ ಐವತ್ತು ರೂಪಾಯಿ ನೋಟಿನಲ್ಲಿರುವ ರಥಕ್ಕೆ ಆ ಶಿಖರವಿಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತಲ್ಲೇ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ಕಲ್ಲು ಕಲ್ಲನ್ನೂ ಹೋಲಿಸಬಹುದು.

ಹಾಗೆ ಹೋಲಿಸಲು ಚಿತ್ರ ಅಂಚಿನಿಂದ ಅಂಚಿಗೆ ಸ್ಪಷ್ಟವಾಗಿರಬೇಕು. ಅದಕ್ಕೇ ಆ ಕಾಲದಲ್ಲಿ ಕಟ್ಟಡ, ಬಯಲು ತೆಗೆಯುವವರು ಸಾಧಾರಣ ಲ್ಯಾಂಡ್‌ಸ್ಕೇಪ್ ಲೆನ್ಸ್ ಹಾಕಿ, ಅದರ ಕಿಂಡಿಯನ್ನು ತೀರಾ ಕಿರಿದು ಮಾಡಿಕೊಳ್ಳುತ್ತಿದ್ದರು. ಬೆಳಕು ಸಾಲದೆ ನಿಮಿಷಗಟ್ಟಲೆ ಕಾಯಬೇಕಾಗುತ್ತಿತ್ತು. ಕಾದರೇನಂತೆ, ಕಲ್ಲಿನ ರಥ ಎಲ್ಲಿಗೆ ಹೋದೀತು? ಕಾಗದವನ್ನು ಮೊದಲೇ ಹದ ಮಾಡಿಟ್ಟುಕೊಂಡು ದಿನಗಳ ನಂತರವೂ ಬಳಸಬಹುದಿತ್ತು. ಗಾಜಿನ ಮೇಲಿನ ಕೊಲೋಡಿಯನ್‌ ಹಾಗಲ್ಲ. ಒದ್ದೆ ಆರುವುದರೊಳಗೆ ಚಿತ್ರ ತೆಗೆದು ತೊಳೆದು ಮುಗಿಸಬೇಕು. ಹಂಪಿಯ ಬಿಸಿಲಿನಲ್ಲಿ ಕಾಗದ ಹಿಡಿದವನೇ ಜಾಣ.

ಮನುಷ್ಯನ ಮುಖದ ವಿಷಯ ಬೇರೆ. ಅದು ನಿಮಿಷಗಟ್ಟಲೆ ಅಲುಗದೆ ಕೂರುವುದಿಲ್ಲ. ಫೋಟೋಗ್ರಫಿ ಹುಟ್ಟಿದ ಮರುವರ್ಷವೇ, 1840ರಲ್ಲಿ, ವಿಯೆನ್ನಾದ ಗಣಿತ ಪ್ರಾಧ್ಯಾಪಕ ಜೋಸೆಫ್ ಪೆಟ್ಜ್‌ವಾಲ್ ಈ ತೊಡಕನ್ನು ಕೈಗೆತ್ತಿಕೊಂಡ. ಗಾಜು ಉಜ್ಜಿ ಉಜ್ಜಿ ನೋಡುವುದೇ ಲೆನ್ಸ್ ಮಾಡುವ ದಾರಿಯಾಗಿದ್ದ ಕಾಲದಲ್ಲಿ ಈತ ಮೊದಲು ಲೆಕ್ಕ ಹಾಕಿದ. ಲಾಗರಿದಮ್ ಬಲ್ಲ ಫಿರಂಗಿ ದಳದ ಸೈನಿಕರನ್ನು ಆಸ್ಟ್ರಿಯದ ರಾಜಮನೆತನದವರು ಅವನಿಗೆ ಎರವಲು ಕೊಟ್ಟಿದ್ದರು. ಹೀಗೆ ಬಂದ ಲೆನ್ಸಿನ ವೇಗ ಸುಮಾರು ಎಫ್/3.6. ಅಲ್ಲಿಯವರೆಗಿನ ಎಫ್/15ರ ಲೆನ್ಸಿಗಿಂತ ಹದಿನಾರು ಹದಿನೇಳು ಪಟ್ಟು ಹೆಚ್ಚು ಬೆಳಕು. ಲೆನ್ಸನ್ನು ತಯಾರಿಸಿದ್ದು ಫೋಯ್ಟ್‌ಲೆಂಡರ್. ಇಬ್ಬರಿಗೂ ಜಗಳವಾಯಿತು, ಪೇಟೆಂಟ್ ಆಸ್ಟ್ರಿಯದಾಚೆ ಇರಲಿಲ್ಲ, ಯುರೋಪಿನವರೆಲ್ಲ ನಕಲು ಮಾಡಿದರು. ಲಂಡನ್ನಿನ ಡಾಲ್‌ಮೇಯರ್ 1866ರಲ್ಲಿ ಅದನ್ನೇ ತಿದ್ದಿ ತನ್ನ ಹೆಸರಿನಲ್ಲಿ ಪೇಟೆಂಟ್ ಮಾಡಿಕೊಂಡ. ಪೆಟ್ಜ್‌ವಾಲ್ 1891ರಲ್ಲಿ ತೀರಿಕೊಂಡಾಗ ಕಹಿ ಹೊರತು ಹೆಚ್ಚೇನೂ ಉಳಿದಿರಲಿಲ್ಲ.

ಮೆಟ್ರಿಯವರ ಲೆನ್ಸೂ ಈ ಜಾತಿಯದೇ ಇರಬೇಕು. ಅದರ ಭಾರಕ್ಕೆ ಕಾರಣ ಈ ವೇಗವೇ. ಎಂಟು–ಹತ್ತು ಇಂಚಿನ ಪ್ಲೇಟಿಗೆ ಮುಖ ತುಂಬಿಸಲು 400 ಮಿಲಿಮೀಟರ್ ಫೋಕಲ್ ದೂರ ಬೇಕೆನ್ನೋಣ. ಎಫ್/4 ಎಂದರೆ ಗಾಜಿನ ಅಡ್ಡಳತೆ 100 ಮಿಲಿಮೀಟರ್. ಅಳತೆ ಎರಡು ಪಟ್ಟಾದರೆ ಗಾಜಿನ ತೂಕ ಎಂಟು ಪಟ್ಟು. ಅದರ ಮೇಲೆ ಹಿತ್ತಾಳೆಯ ಕೊಳವೆ.

ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಹೆಣ್ಣುಮಕ್ಕಳು ಮೈಲಿ ನಡೆಯುತ್ತಾರೆ. ಅದೇ ಕೊಡವನ್ನು ಕೈ ಚಾಚಿ ಹಿಡಿಯಿರಿ, ಎಣಿಸಿ ಹತ್ತು ಅನ್ನುವಷ್ಟರಲ್ಲಿ ತೋಳು ನಡುಗುತ್ತದೆ. ಕೊಡದ ತೂಕ ಬದಲಾಗಿಲ್ಲ, ಮೈಯಿಂದ ಅದರ ದೂರ ಬದಲಾಗಿದೆ. ಮೆಟ್ರಿಯವರ ಕ್ಯಾಮೆರಾ ಕೊಡವನ್ನು ಕೈ ಚಾಚಿ ಹಿಡಿದಿದೆ. ಲೆನ್ಸಿನ ಭಾರಕೇಂದ್ರ ಅದನ್ನು ಕೂರಿಸಿದ ಅರ್ಧ ಇಂಚಿನ ಹಲಗೆಯಿಂದ ಹನ್ನೆರಡು ಸೆಂಟಿಮೀಟರ್ ಮುಂದಿದ್ದರೆ, ಲೆನ್ಸನ್ನು ಹಲಗೆಗೆ ಹಿಡಿಸುವ ಬಳೆಯ, ಅಂದರೆ ಹನ್ನೊಂದು ಸೆಂಟಿಮೀಟರ್ ಅಗಲದ ಫ್ಲ್ಯಾಂಜಿನ, ಮೇಲ್ತುದಿಯ ಸ್ಕ್ರೂ ಮೇಲೆ ನಾಲ್ಕು ಕಿಲೋಗೂ ಮಿಕ್ಕಿ ಎಳೆತ. ಸುಮ್ಮನೆ ನಿಂತಾಗ ಮರದ ಸ್ಕ್ರೂ ತಾಳೀತು. ಸಂಡೂರಿನ ಅದಿರು ಲಾರಿಗಳು ಓಡಾಡುವ ರಸ್ತೆಯಲ್ಲಿ ಜೀಪಿನಲ್ಲಿ ಒಯ್ದರೆ ಒಂದೊಂದು ಕುಲುಕಿಗೂ ಅದು ಎರಡು ಮೂರು ಪಟ್ಟಾಗಿ, ಸ್ಕ್ರೂ ತೂತು ಮೆಲ್ಲಗೆ ಅಗಲವಾಗುತ್ತದೆ.

ಇನ್ನು ತಲೆ ತಗ್ಗಿಸುವ ವಿಚಾರ. ಒಂದೇ ಒಂದು ಡಿಗ್ರಿ ಬಾಗಿದರೆ ಏನು ಮಹಾ ಅನ್ನಿಸಬಹುದು. ಎರಡು ಮೀಟರ್ ದೂರದಲ್ಲಿ ಕೂತವರ ಮೇಲೆ ಫೋಕಸ್ ಮಾಡಿದ್ದೀರಿ ಎಂದುಕೊಳ್ಳಿ. ಲೆನ್ಸ್ ಒಂದು ಡಿಗ್ರಿ ಬಾಗಿದರೆ ಫೋಕಸ್ ಆಗುವ ಸಮತಲ ಸುಮಾರು ಐದು ಡಿಗ್ರಿ ಓರೆಯಾಗುತ್ತದೆ. ಗದ್ದದ ಹತ್ತಿರ ಅದು ಮುಂದಕ್ಕೆ, ಹಣೆಯ ಹತ್ತಿರ ಹಿಂದಕ್ಕೆ. ಒಟ್ಟು ವ್ಯತ್ಯಾಸ ಎರಡು ಸೆಂಟಿಮೀಟರ್. ಎಫ್/4ರಲ್ಲಿ ನಿಮಗಿರುವ ಫೋಕಸ್ ಆಳವೇ ಸುಮಾರು ಮೂರು ಸೆಂಟಿಮೀಟರ್!

ಹಾಗಾಗಿ ಮಾಡಬೇಕಾದದ್ದು ಇಷ್ಟು. ಮೂಲ ಫ್ಲ್ಯಾಂಜ್ ಕಳೆದಿದ್ದರೆ ಹೊಸಪೇಟೆಯ ಲೇತ್ ಅಂಗಡಿಯಲ್ಲಿ ಕಡೆಸಿಕೊಳ್ಳಿ. ಹತ್ತೊಂಬತ್ತನೇ ಶತಮಾನದ ಥ್ರೆಡ್ ಒಂದೊಂದು ಕಂಪನಿಗೆ ಒಂದೊಂದು ಬಗೆ, ಹಾಗಾಗಿ ಅಳತೆ ಬರೆದುಕೊಂಡು ಹೋದರೆ ಸಾಲದು, ಲೆನ್ಸನ್ನೇ ಒಯ್ಯಬೇಕು. ಹಲಗೆಗೆ ಮರದ ಸ್ಕ್ರೂ ಬೇಡ. ಆರಪಾರ ಬೋಲ್ಟ್ ಹಾಕಿ, ಹಿಂದೆ ತೆಳು ಲೋಹದ ಪಟ್ಟಿ ಕೊಟ್ಟು ನಟ್ ಬಿಗಿಸಿ. ಕ್ಯಾಮೆರಾದ ಮಡಿಕೆಯ ಚೀಲದ, ಅಂದರೆ ಬೆಲ್ಲೋಸಿನ, ಒಳಗೆ ಜಾಗವಿದ್ದರೆ ಹಲಗೆಯ ಬದಲು ಒಳಮುಖವಾದ ಪೆಟ್ಟಿಗೆ ಮಾಡಿಸಿ ಲೆನ್ಸನ್ನು ಹಿಂದಕ್ಕೆ ಸರಿಸಬಹುದು. ಕೊಡ ಸೊಂಟಕ್ಕೆ ಬರುತ್ತದೆ. ಆದರೆ ಎರಡು ಮೀಟರ್ ದೂರದ ಮುಖಕ್ಕೆ ಲೆನ್ಸಿನಿಂದ ಹಿಂದೆ ಫೋಕಸ್ ನೋಡುವ ಗ್ರೌಂಡ್ ಗ್ಲಾಸಿಗೆ ಅರ್ಧ ಮೀಟರ್ ಬೇಕು. ಲೆನ್ಸ್ ಹಿಂದೆ ಸರಿದಷ್ಟೂ ಬೆಲ್ಲೋಸ್ ಹೆಚ್ಚು ಎಳೆಯಬೇಕಾಗುತ್ತದೆ, ಅದನ್ನು ಮೊದಲೇ ಅಳೆದು ನೋಡಿ. ಎಲ್ಲಕ್ಕಿಂತ ನನಗೆ ಮೆಚ್ಚುಗೆಯಾದದ್ದು ಕೊಳವೆಯ ಕೆಳಗೊಂದು ಆಸರೆ: ಸಾಗುವಾನಿಯಲ್ಲಿ ವಿ ಆಕಾರದ ತೊಟ್ಟಿಲು, ಒಳಗೆ ಚರ್ಮದ ತುಂಡು. ಅದನ್ನು ಮುಂಭಾಗದ ಚೌಕಟ್ಟಿನ ಜೊತೆಗೇ ಸರಿಯುವಂತೆ ಕೂರಿಸಬೇಕು. ಅದಾಗದಿದ್ದರೆ ಮುಂಭಾಗವನ್ನು ಕದಲಿಸಲೇಬೇಡಿ, ಹಿಂಭಾಗ ಸರಿಸಿ ಫೋಕಸ್ ಮಾಡಿ.

ಈ ಲೆನ್ಸುಗಳಿಗೆ ಈಗ ಬಂದಿರುವ ಬೆಲೆ ಕಂಡರೆ ನಗು ಬರುತ್ತದೆ. ಮುಖದ ಹಿಂದಿನ ಎಲೆಗಳು ಸುಳಿಯಂತೆ ತಿರುಗಿ ಕಾಣುವ ಪರಿಣಾಮಕ್ಕೆ ಜನ ಮುಗಿಬೀಳುತ್ತಿದ್ದಾರೆ. 2013ರಲ್ಲಿ ಲೋಮೋಗ್ರಫಿ ಕಂಪನಿ ಅದೇ ಪೆಟ್ಜ್‌ವಾಲ್ ಹೆಸರಿನ ಹೊಸ ಲೆನ್ಸಿಗೆ ಹದಿಮೂರು ಲಕ್ಷ ಡಾಲರಿಗೂ ಹೆಚ್ಚು ಮುಂಗಡ ಎತ್ತಿತು. ಆ ಸುಳಿ ಲೆನ್ಸಿನ ದೋಷ. ಚಿತ್ರದ ತಲ ಬಾಗಿದೆ, ಅಂಚಿನಲ್ಲಿ ಅಸ್ಟಿಗ್ಮಾಟಿಸಂ ಇದೆ, ಕೊಳವೆ ಅಂಚಿನ ಬೆಳಕನ್ನು ಕತ್ತರಿಸುತ್ತದೆ. ಚಿತ್ರದ ತಲ ಏಕೆ ಬಾಗುತ್ತದೆ ಎಂಬುದಕ್ಕೆ ಸೂತ್ರ ಕೊಟ್ಟವನೂ ಪೆಟ್ಜ್‌ವಾಲನೇ! ಸ್ಟುಡಿಯೊದಲ್ಲಿ ಹಿಂದೆ ಸಾದಾ ಪರದೆ ಇದ್ದುದರಿಂದ ಆಗಿನ ಗಿರಾಕಿಗಳಿಗೆ ಈ ಸುಳಿ ಕಂಡದ್ದೇ ಅಪರೂಪ.

ಇನ್ನೊಂದು ಎಚ್ಚರಿಕೆ. ಈ ಲೆನ್ಸಿಗೆ ಶಟರ್ ಇಲ್ಲ, ಮುಚ್ಚಳ ತೆಗೆದು ಹಾಕುವುದೇ ಶಟರ್. ಇಂದಿನ ಐಎಸ್‌ಒ 100 ಫಿಲ್ಮಿಗೆ ಬಿಸಿಲಲ್ಲಿ ಎಫ್/4 ಎಂದರೆ ಸೆಕೆಂಡಿನ 1600ನೇ ಒಂದು ಭಾಗ, ಯಾವ ಕೈಗೂ ಆಗದ ಕೆಲಸ. ಕೊಳವೆಯಲ್ಲಿ ಸೀಳು ಇದೆಯೇ ನೋಡಿ. ಇದ್ದರೆ ಅದು 1858ರಲ್ಲಿ ಜಾನ್ ವಾಟರ್‌ಹೌಸ್ ಸೂಚಿಸಿದ ತೂತಿನ ತಗಡುಗಳಿಗೆ. ದಪ್ಪ ಕಪ್ಪು ಕಾರ್ಡಿನಲ್ಲೂ ಅವನ್ನು ಕತ್ತರಿಸಿಕೊಳ್ಳಬಹುದು. ಫಿಲ್ಮಿನ ಬದಲು ಬ್ರೋಮೈಡ್ ಕಾಗದವನ್ನೇ ನೆಗೆಟಿವ್ ಮಾಡಿಕೊಂಡು, ನೆರಳಲ್ಲಿ, ಕಿರಿದಾದ ತೂತಿನಲ್ಲಿ ತೆಗೆದರೆ ಎಕ್ಸ್‌ಪೋಷರ್ ಸೆಕೆಂಡುಗಳಿಗೆ ಬರುತ್ತದೆ. ಆಗ ಮುಚ್ಚಳ ಸಾಕು.

ವಿಠ್ಠಲ ದೇವಾಲಯದಲ್ಲಿ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಅಲ್ಲಿಗೆ ಹೋಗುವುದಾದರೆ ಸಾದಾ ಲ್ಯಾಂಡ್‌ಸ್ಕೇಪ್ ಲೆನ್ಸ್ ಹುಡುಕಿಕೊಂಡು ಹೋಗಿ. ಈ ನಾಲ್ಕು ಕಿಲೋದ್ದನ್ನು ಮೆಟ್ರಿಯಲ್ಲೇ ಇಟ್ಟು, ಬೆಳಗಿನ ಹೊತ್ತು ಪಡಸಾಲೆಯಲ್ಲಿ ಅಜ್ಜನನ್ನೋ ಅವ್ವನನ್ನೋ ಕೂರಿಸಿ. ತಲೆ ಅಲುಗದಂತೆ ಹಿಂದೆ ಗೋಡೆಯ ಆನಿಕೆ ಕೊಡುವುದನ್ನು ಮರೆಯಬೇಡಿ.