ಒಡೆಯುವುದಕ್ಕೂ ಶಕ್ತಿ ಬೇಕೆ?

ಬಂಡೆಯನ್ನು ಗುಡ್ಡದ ನೆತ್ತಿಗೇರಿಸಲು ಶಕ್ತಿಯನ್ನು ವ್ಯಯಿಸಬೇಕು. ಅದು ಕೆಳಕ್ಕುರುಳುವಾಗ ಶಕ್ತಿಯು ಹೊರಬೀಳುತ್ತದೆ. ಪ್ರೋಟೀನುಗಳ ವಿಷಯವೂ ಹೀಗೆಯೇ. ಅಮೈನೋ ಆಮ್ಲಗಳನ್ನು ಸರಪಳಿಯಾಗಿ ಪೋಣಿಸಲು ಶಕ್ತಿ ಬೇಕು. ಸರಪಳಿಯನ್ನು ಕಡಿಯಲು ಬೇಡ. ನಾವುಂಡ ಬೇಳೆಯ ಪ್ರೋಟೀನನ್ನು ಜಠರದ ಪೆಪ್ಸಿನ್ ಎಂಬ ಕಿಣ್ವವು ಕತ್ತರಿಸುವಾಗ ಆ ಕತ್ತರಿಕೆಗೆಂದು ದೇಹವು ಇಂಧನವನ್ನೇನೂ ಸುಡುವುದಿಲ್ಲ. ಆದರೆ ಜೀವಕೋಶವು ತನ್ನ ಸ್ವಂತ ಪ್ರೋಟೀನುಗಳನ್ನು ಒಡೆಯುವಾಗ ಶಕ್ತಿಯನ್ನು ತೆರುತ್ತದೆಂದು 1953ರಲ್ಲಿ ಸಿಂಪ್ಸನ್ ಎಂಬ ವಿಜ್ಞಾನಿಯು ಯಕೃತ್ತಿನ ತೆಳು ಹೋಳುಗಳಲ್ಲಿ ಕಂಡರು. ಇದೇನು ಸೋಜಿಗ!

ಕೋಶವು ತಾನು ಕಟ್ಟಿದ್ದನ್ನೇ ಏಕೆ ಒಡೆಯಬೇಕೆಂದು ಓದುಗರು ಕೇಳಬಹುದು. ದೇಹದ ಪ್ರೋಟೀನುಗಳು ಮನೆಯ ಗೋಡೆಯಂತೆ ಸ್ಥಿರವಾದವು ಎಂಬ ನಂಬಿಕೆ ಬಹುಕಾಲ ಇದ್ದಿತು. 1930ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಶೋನ್‌ಹೈಮರ್ ಅವರು ಭಾರ ಸಾರಜನಕವನ್ನು ಸೇರಿಸಿದ ಅಮೈನೋ ಆಮ್ಲಗಳನ್ನು ಇಲಿಗಳಿಗೆ ತಿನ್ನಿಸಿದರು. ಸಾಧಾರಣ ಸಾರಜನಕದ ಪರಮಾಣು ತೂಕ 14, ಇದರದು 15. ಆದ್ದರಿಂದ ಅದು ಸೇರಿದ ಎಡೆಯನ್ನು ಪತ್ತೆ ಹಚ್ಚಬಹುದು. ಬೆಳವಣಿಗೆ ಮುಗಿದ ಇಲಿಗಳ ಅಂಗಾಂಗಗಳ ಪ್ರೋಟೀನಿನಲ್ಲಿಯೇ ಅದರ ದೊಡ್ಡ ಪಾಲು ಸಿಕ್ಕಿತು. ತೂಕ ಹೆಚ್ಚದೆ ಹೊಸದು ಸೇರಬೇಕಾದರೆ ಹಳೆಯದು ಕಳಚಲೇಬೇಕಷ್ಟೆ! ವಯಸ್ಕರ ದೇಹದಲ್ಲಿ ದಿನಕ್ಕೆ ಸುಮಾರು 250ರಿಂದ 300 ಗ್ರಾಂ ಪ್ರೋಟೀನು ಒಡೆದು ಮತ್ತೆ ಕಟ್ಟಲ್ಪಡುತ್ತದೆ.

1955ರಲ್ಲಿ ಬೆಲ್ಜಿಯಮ್ಮಿನ ಡಿ ಡೂವ್ ಅವರು ಕೋಶದೊಳಗೆ ಲೈಸೋಸೋಮ್ ಎಂಬ, ಕಿಣ್ವಗಳು ತುಂಬಿದ ಆಮ್ಲೀಯ ಚೀಲಗಳನ್ನು ಗುರುತಿಸಿದಾಗ ಒಗಟು ಬಿಡಿಸಿತೆಂದೇ ತೋರಿತು. ಆದರೆ ಈ ಚೀಲಗಳಿಲ್ಲದ ಎಳೆಯ ಕೆಂಪು ರಕ್ತಕಣಗಳೂ ಕೆಟ್ಟ ಹಿಮೋಗ್ಲೋಬಿನ್ನನ್ನು ಶಕ್ತಿ ವ್ಯಯಿಸಿಯೇ ನಾಶಮಾಡುತ್ತಿದ್ದವು. ಆ ಕಣಗಳನ್ನೇ ಹಿಡಿದು ಹೊರಟವರು ಇಸ್ರೇಲಿನ ಹರ್ಷ್‌ಕೋ ಮತ್ತು ಚಿಯೆಖನೋವರ್, ಅಮೆರಿಕದ ರೋಸ್. ಈ ಮೂವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರಕಿತು.

ಅವರು ಕಂಡದ್ದಿಷ್ಟು. ನಾಶವಾಗಬೇಕಾದ ಪ್ರೋಟೀನಿಗೆ ಕೋಶವು ಯುಬಿಕ್ವಿಟಿನ್ ಎಂಬ, 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನನ್ನು ಮುದ್ರೆಯಂತೆ ಒತ್ತುತ್ತದೆ. ಒಂದರ ಬಾಲಕ್ಕೊಂದಾಗಿ ಇಂಥ ಹಲವು ಮುದ್ರೆಗಳು ಬಿದ್ದ ಪ್ರೋಟೀನು ಪ್ರೋಟಿಯಾಸೋಮ್ ಎಂಬ ಕಿಣ್ವಯಂತ್ರವನ್ನು ಸೇರುತ್ತದೆ. ಇದು ಪೀಪಾಯಿಯಾಕಾರದ್ದು, ಕತ್ತರಿಸುವ ಅಲಗುಗಳೆಲ್ಲ ಒಳಮೈಯಲ್ಲಿವೆ. ಇದರ ಬಾಯಿ ಎಷ್ಟು ಕಿರಿದೆಂದರೆ ಮಡಿಸಿಕೊಂಡಿರುವ ಪ್ರೋಟೀನು ಒಳಹೋಗಲಾರದು. ಮುಚ್ಚಳದ ಬಳಿಯಿರುವ ಮೋಟಾರುಗಳು ಅದನ್ನು ಬಿಚ್ಚಿ, ನೂಲಿನಂತೆ ಒಳಕ್ಕೆಳೆಯುತ್ತವೆ. ಮುದ್ರೆಯೊತ್ತಲೂ, ಬಿಚ್ಚಿ ಎಳೆಯಲೂ ಎಟಿಪಿ ಎಂಬ ಇಂಧನ ಬೇಕು. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಇದು ಸಮಾಧಾನದ ಸಂಗತಿ: ಬಂಡೆಯ ನಿಯಮ ಮುರಿಯಲಿಲ್ಲ. ಕೋಶವು ಬೆಲೆ ತೆರುವುದು ಕಡಿತಕ್ಕಲ್ಲ, ಆಯ್ಕೆಗೆ.

ಆಯ್ಕೆ ತಪ್ಪಿದರೆ ರೋಗ. ಗಾಯಗೊಂಡ ಕೋಶವು ವಿಭಜಿಸದಂತೆ ತಡೆಯುವ ಪಿ53 ಎಂಬ ಪ್ರೋಟೀನುಂಟು. ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾದ ಪ್ಯಾಪಿಲೋಮಾ ವೈರಸ್ಸು ಕೋಶದ ಮುದ್ರೆಗಾರನನ್ನೇ ವಶಪಡಿಸಿಕೊಂಡು ಈ ಕಾವಲುಗಾರನಿಗೆ ಸಾವಿನ ಮುದ್ರೆಯನ್ನೊತ್ತಿಸುತ್ತದೆ. ಇದಕ್ಕೆ ವಿರುದ್ಧವಾದ ದೋಷವೂ ಇದೆ. 1998ರಲ್ಲಿ, ಎಳೆವಯಸ್ಸಿಗೇ ಪಾರ್ಕಿನ್‌ಸನ್ ರೋಗಕ್ಕೆ ತುತ್ತಾದ ಜಪಾನೀಯರಲ್ಲಿ ಪಾರ್ಕಿನ್ ಎಂಬ ವಂಶವಾಹಿ ಕೆಟ್ಟಿದ್ದುದು ತಿಳಿದುಬಂದಿತು. ಅದು ಒಬ್ಬ ಮುದ್ರೆಗಾರನ ವಂಶವಾಹಿಯೆಂದು ಎರಡು ವರ್ಷಗಳಲ್ಲಿ ಸ್ಪಷ್ಟವಾಯಿತು.

ಇನ್ನು ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರನ್ನು ನೋಡೋಣ. ಇದರ ಕೋಶಗಳು ಪ್ರತಿಕಾಯಗಳನ್ನು ರಾಶಿರಾಶಿಯಾಗಿ ತಯಾರಿಸುತ್ತವೆ. ತಯಾರಿಕೆ ಹೆಚ್ಚಿದಷ್ಟೂ ಕೆಟ್ಟ ಸರಕೂ ಹೆಚ್ಚು. ಪ್ರೋಟಿಯಾಸೋಮಿನ ಅಲಗನ್ನು ಬಂಧಿಸಿಬಿಟ್ಟರೆ ಅವು ತಮ್ಮ ಕಸದಲ್ಲಿಯೇ ಉಸಿರುಗಟ್ಟುತ್ತವೆ. 2003ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಬೋರ್ಟೆಜೋಮಿಬ್ ಎಂಬ ಔಷಧವು ಮಾಡುವುದು ಇದನ್ನೇ; ಅದರಲ್ಲಿರುವ ಒಂದು ಬೋರಾನ್ ಪರಮಾಣುವೇ ಅಲಗಿಗೆ ಹೋಗಿ ಅಂಟಿಕೊಳ್ಳುತ್ತದೆ. ಆದರೆ ಪ್ರೋಟಿಯಾಸೋಮ್ ಬೇರೆ ಕೋಶಗಳಿಗೂ ಬೇಕಾದದ್ದೇ. ಅದರಿಂದ ರೋಗಿಗಳ ಕೈಕಾಲುಗಳ ನರಗಳಲ್ಲಿ ಜೋಮು, ನೋವು ಉಂಟಾಗಬಹುದು. ಆಗ ವೈದ್ಯರು ಔಷಧದ ಪ್ರಮಾಣವನ್ನು ತಗ್ಗಿಸಬೇಕಾಗುತ್ತದೆ.