ಹೆರಿಗೆ ಪುಸ್ತಕಕ್ಕೆ ಸಿಗದ ಬಿಪಿ

ಮೈಸೂರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1934ರಿಂದಲೂ ಒಂದು ಒಳ್ಳೆಯ ರೂಢಿಯಿತ್ತು. ಅಲ್ಲಿ ಹುಟ್ಟಿದ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಹೆರಿಗೆ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಬರೆದವರಿಗೆ ಅದು ದಿನದ ಕೆಲಸ, ಅಷ್ಟೆ.

ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಡೇವಿಡ್ ಬಾರ್ಕರ್ ಎಂಬ ವೈದ್ಯರು ದಶಕಗಳ ನಂತರ ಒಂದು ವಾದ ಹೂಡಿದರು: ಸಣ್ಣದಾಗಿ ಹುಟ್ಟಿದ ಮಗು ದೊಡ್ಡದಾದ ಮೇಲೆ ಹೃದ್ರೋಗಕ್ಕೂ ರಕ್ತದ ಒತ್ತಡಕ್ಕೂ ಸುಲಭದ ತುತ್ತು. ಇದನ್ನು ಭಾರತದಲ್ಲಿ ಒರೆಗೆ ಹಚ್ಚಲು ಹಳೆಯ ದಾಖಲೆ ಬೇಕು. ಅದು ಮೈಸೂರಿನಲ್ಲಿ ಸಿಕ್ಕಿತು. ಸಂಶೋಧಕಿ ಕ್ಯಾರೊಲಿನ್ ಫಾಲ್ ಮತ್ತು ಅವರ ಜೊತೆಗಾರರು ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ಮನೆ ಮನೆ ಹುಡುಕಿ, ಅಲ್ಲೇ ಹುಟ್ಟಿ ನಡುವಯಸ್ಸಿಗೆ ಬಂದಿದ್ದ 517 ಜನರನ್ನು ಪತ್ತೆ ಮಾಡಿದರು. 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಜನರಿಗೆ ಹೃದ್ರೋಗ. ಮೂರು ಕಿಲೋ ಮೀರಿ ಗುಂಡಗುಂಡಗೆ ಹುಟ್ಟಿದವರಲ್ಲಿ ಬರೀ 3.

ಬಾರ್ಕರ್ ಗೆದ್ದರು ಅನ್ನಿಸಿತು. ಆದರೆ ಬಿಪಿ ಕೈಕೊಟ್ಟಿತು. ಕೆ. ಕುಮಾರನ್ ಮತ್ತು ಸಂಗಡಿಗರು 2000ದಲ್ಲಿ 'ಹಾರ್ಟ್' ಪತ್ರಿಕೆಯಲ್ಲಿ ಬರೆದರು: ಮೈಸೂರಿನ ಈ ಜನರಲ್ಲಿ ಸಣ್ಣದಾಗಿ ಹುಟ್ಟಿದ್ದಕ್ಕೂ ರಕ್ತದೊತ್ತಡಕ್ಕೂ ಸಂಬಂಧ ಕಾಣುತ್ತಿಲ್ಲ. ಇಂಥ 'ಇಲ್ಲ'ಗಳು ಸುದ್ದಿಯಾಗುವುದಿಲ್ಲ. ನನಗೆ ಮಾತ್ರ ಮೊದಲ ಫಲಿತಾಂಶಕ್ಕಿಂತ ಇದೇ ಹೆಚ್ಚು ಬೆಲೆಯದು. ತೊಟ್ಟಿಲಿನ ಲೆಕ್ಕದಲ್ಲಿ ಬಿಪಿ ಸಿಗದಿದ್ದರೆ, ಆಮೇಲೆ ಮೈಗೆ ಸೇರಿಕೊಂಡದ್ದರಲ್ಲಿ ಹುಡುಕಬೇಕಲ್ಲ.

ಆ ದಾರಿಯನ್ನು 1947ರಲ್ಲೇ ಫ್ರಾನ್ಸಿನ ಮಾರ್ಸೇ ನಗರದ ಜೀನ್ ವಾಗ್ ಎಂಬ ವೈದ್ಯರು ತೋರಿಸಿದ್ದರು. ದಪ್ಪಗಿರುವವರೆಲ್ಲ ಒಂದೇ ಅಲ್ಲ, ಸೊಂಟದ ಮೇಲ್ಭಾಗದಲ್ಲಿ ಬೊಜ್ಜು ಕಟ್ಟಿದವರಿಗೇ ಕಾಯಿಲೆ ಹೆಚ್ಚು ಎಂದರೆ ಆಗ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಒಂದೇ ಅಳತೆಯ ಮೈಗಳಲ್ಲೂ ಕೊಬ್ಬು ಬೇರೆ ಬೇರೆ ಎಂಬುದನ್ನು ಪುಣೆಯ ಡಾ. ಯಾಜ್ಞಿಕ್ ತಮ್ಮ ಮೈಯಲ್ಲೇ ತೋರಿಸಿಕೊಟ್ಟರು. 2004ರಲ್ಲಿ ಅವರೂ ಲಂಡನ್ನಿನ ಗೆಳೆಯ ಯುಡ್ಕಿನ್ ಅವರೂ ಅಕ್ಕಪಕ್ಕ ನಿಂತ ಫೋಟೊ ಅಚ್ಚಾಯಿತು. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಇಬ್ಬರದೂ 22.3. ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2!

ಕೊಬ್ಬು ಒತ್ತಡವನ್ನು ಏರಿಸುವುದು ಹೇಗೆ? ಅಮೆರಿಕದ ಮಿಸಿಸಿಪ್ಪಿಯಲ್ಲಿ ಜಾನ್ ಹಾಲ್ ಎಂಬ ವಿಜ್ಞಾನಿ ನಾಯಿಗಳಿಗೆ ಐದು ವಾರ ಕೊಬ್ಬು ತಿನ್ನಿಸಿದರು. ತೂಕದ ಜೊತೆಗೇ ಬಿಪಿಯೂ ಏರಿತು. ತಪ್ಪಿತಸ್ಥ ಮೂತ್ರಪಿಂಡ: ಹೊರಹಾಕಬೇಕಾದ ಉಪ್ಪನ್ನು ಅದು ಹಿಡಿದಿಟ್ಟುಕೊಳ್ಳುತ್ತಿತ್ತು. ಹೊಟ್ಟೆಯೊಳಗಿನ ಕೊಬ್ಬು ಮೂತ್ರಪಿಂಡವನ್ನು ಅಮುಕುತ್ತದೆ. ರಕ್ತನಾಳ ಬಿಗಿಯಾಗಿಸುವ ಆಂಜಿಯೊಟೆನ್ಸಿನ್‌ಗೆ ಕಚ್ಚಾ ಸಾಮಗ್ರಿಯನ್ನೂ ಒದಗಿಸುತ್ತದೆ. 1994ರಲ್ಲಿ ಪತ್ತೆಯಾದ ಲೆಪ್ಟಿನ್ ಎಂಬ ಹಾರ್ಮೋನ್ ಕೂಡ ಕೊಬ್ಬಿನ ಕೋಶಗಳಿಂದಲೇ ಹೊರಟು ಮಿದುಳಿಗೆ ಹೋಗಿ ನರಗಳನ್ನು ಕೆರಳಿಸುತ್ತದೆ.

ಕೊಲೆಸ್ಟ್ರಾಲಿನ ಪಾತ್ರವನ್ನು ಜನ ತಪ್ಪಾಗಿ ತಿಳಿಯುವುದು ಇಲ್ಲೇ. ತುಮಕೂರಿನ ಮಂಡಿಯಲ್ಲಿ ದಿನವಿಡೀ ಗಲ್ಲಾದ ಮುಂದೆ ಕೂರುವವರು, ಗುಬ್ಬಿಯ, ಕುಣಿಗಲ್ಲಿನ ಮೇಷ್ಟರು, ಗುಮಾಸ್ತರು, 'ಕೊಲೆಸ್ಟ್ರಾಲ್ ಜಾಸ್ತಿಯಾಗಿ ಬಿಪಿ ಬಂತು' ಅನ್ನುತ್ತಾರೆ. ಬಹುಮಟ್ಟಿಗೆ ಇವೆರಡೂ ತಾಯಿಮಕ್ಕಳಲ್ಲ, ಒಂದೇ ಬೊಜ್ಜಿನ ಮಕ್ಕಳು. ಹೊಟ್ಟೆಯ ಕೊಬ್ಬು ಯಕೃತ್ತಿಗೆ ಹರಿದಾಗ ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ ಏರುತ್ತದೆ, ಒಳ್ಳೆಯದೆನ್ನುವ ಎಚ್‌ಡಿಎಲ್ ಇಳಿಯುತ್ತದೆ. ಕೆಟ್ಟದೆನ್ನುವ ಎಲ್‌ಡಿಎಲ್ ಎಷ್ಟೋ ಸಲ ಇದ್ದಲ್ಲೇ ಇರುತ್ತದೆ. ಲ್ಯಾಬಿನ ಚೀಟಿಯಲ್ಲಿ ಅದೊಂದನ್ನೇ ನೋಡಿ 'ನಾರ್ಮಲ್' ಎಂದು ಮಡಚಿಟ್ಟರೆ ಉಳಿದೆರಡು ಸಾಲು ಓದದೆ ಹೋದಂತೆ. ಒತ್ತಡ, ಕೊಲೆಸ್ಟ್ರಾಲ್ ಎರಡೂ ಸೇರಿ ರಕ್ತನಾಳ ಕೆಡಿಸುವ ಬಗೆಯನ್ನು 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನ 5,209 ಜನರಿಂದ ಶುರುವಾದ ಅಧ್ಯಯನ ತೋರಿಸಿದೆ.

ನಮ್ಮ ಮೈಕಟ್ಟಿಗೆಂದು ಭಾರತದ ತಜ್ಞರು 2009ರಲ್ಲಿ ಗೆರೆಯನ್ನು ಕೆಳಗಿಳಿಸಿದರು: ಬಿಎಂಐ 23 ಮುಟ್ಟಿದರೇ ಅಧಿಕ ತೂಕ; ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಅಳೆಯಲು ದರ್ಜಿಯ ಟೇಪು ಸಾಕು. ಒಂದು ಕಿಲೋ ಇಳಿಸಿದರೆ ಮೇಲಿನ ಬಿಪಿ ಸರಾಸರಿ ಒಂದು ಪಾಯಿಂಟಿನಷ್ಟು ಇಳಿಯುತ್ತದೆ, ಟ್ರೈಗ್ಲಿಸರೈಡೂ ಜೊತೆಗೆ ಇಳಿಯುತ್ತದೆ. ಎಲ್‌ಡಿಎಲ್ ಏರಿದ್ದರೆ ಮಾತ್ರ ತೂಕ ಇಳಿಸಿದ್ದಕ್ಕೆ ಅದು ಅಷ್ಟಾಗಿ ಜಗ್ಗುವುದಿಲ್ಲ. ಅದಕ್ಕೆ ಎಷ್ಟೋ ಜನರಿಗೆ ಮಾತ್ರೆಯೇ ಬೇಕಾಗುತ್ತದೆ.